ಸ್ಟ್ಯಾಂಡ್ ಬೇಡವೆಂದ ಚೆಲ್ಲೊ ವಾದಕ

1968ರ ಆಗಸ್ಟ್ 21, ಬುಧವಾರ. ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲ್.

ನೀವು ವೇದಿಕೆಯ ಬುಡದಲ್ಲಿ ನಿಂತಿದ್ದೀರಿ. ಪ್ರಾಮ್ಸ್ ಎಂಬ ಈ ಬೇಸಿಗೆಯ ಉತ್ಸವದಲ್ಲಿ ಅಗ್ಗದ ಟಿಕೆಟ್ಟಿಗೆ ಕುರ್ಚಿ ಸಿಗುವುದಿಲ್ಲ, ಕಛೇರಿ ಮುಗಿಯುವವರೆಗೆ ನಿಂತೇ ಕೇಳಬೇಕು. ಕಾಲು ನೋಯುತ್ತದೆ, ನಿಜ. ಆದರೆ ಸಾವಿರಾರು ಜನ ತುಂಬಿದ ಈ ದುಂಡನೆಯ ಸಭಾಂಗಣದಲ್ಲಿ ವಾದಕರ ಬೆರಳು, ಹುಬ್ಬು, ಹಣೆಯ ಬೆವರು ಹತ್ತಿರದಿಂದ ಕಾಣುವುದು ಇಲ್ಲಿಂದಲೇ.

ಇವತ್ತು ಸಭಾಂಗಣ ಎಂದಿನಂತಿಲ್ಲ. ಕಳೆದ ರಾತ್ರಿ ಸೋವಿಯತ್ ಟ್ಯಾಂಕುಗಳು ಚೆಕೊಸ್ಲೊವಾಕಿಯಾದ ಗಡಿ ದಾಟಿ ಪ್ರಾಗ್ ನಗರಕ್ಕೆ ನುಗ್ಗಿವೆ. ಬೆಳಗಿನಿಂದ ರೇಡಿಯೊದಲ್ಲಿ ಬೇರೆ ಸುದ್ದಿಯೇ ಇಲ್ಲ. ಇತ್ತ ಮೊದಲೇ ಗೊತ್ತುಮಾಡಿದ್ದ ಕಾರ್ಯಕ್ರಮದ ಪ್ರಕಾರ ಈ ಸಂಜೆ ನುಡಿಸಬೇಕಾದವರು ಸೋವಿಯತ್ ಒಕ್ಕೂಟದ ಸರ್ಕಾರಿ ಸಿಂಫನಿ ವಾದ್ಯವೃಂದದವರು, ನಿರ್ದೇಶಕ ಯೆವ್ಗೆನಿ ಸ್ವೆತ್ಲಾನೊವ್. ನುಡಿಸಬೇಕಾದ ಕೃತಿಯೋ, ಚೆಕ್ ಜನ ತಮ್ಮವನೆಂದು ಎದೆಗಪ್ಪಿಕೊಂಡ ದ್ವೊರ್ಜಾಕ್‌ನ ಚೆಲ್ಲೊ ಕನ್ಚೆರ್ಟೊ. ಯಾರೋ ಬೇಕೆಂದೇ ಹೂಡಿದ ಅಣಕವೆನ್ನಬೇಕು, ಹಾಗಿದೆ. ಹೊರಗೆ ಪ್ರತಿಭಟನೆ ನಡೆದಿದೆ. ಒಳಗೂ ಗ್ಯಾಲರಿಯಿಂದ ಕೂಗು ಏಳುತ್ತಿದೆ. ಕೂಗುವವರನ್ನು ಸುಮ್ಮನಿರಿಸಲು ಉಳಿದವರು ಉಸ್ ಎನ್ನುತ್ತಿದ್ದಾರೆ. ಅದೂ ಸೇರಿ ಗದ್ದಲ ಇನ್ನಷ್ಟು ಹೆಚ್ಚಾಗಿದೆ.

ಇದರ ನಡುವೆ ಚೆಲ್ಲೊ ಹಿಡಿದು ಬಂದು ಕೂತವರು ಮ್ಸ್ತಿಸ್ಲಾವ್ ರೊಸ್ಟ್ರೊಪೊವಿಚ್. ನಲವತ್ತೊಂದರ ವಯಸ್ಸು, ಹಿಂದೆ ಸರಿದ ಕೂದಲು, ಮುಂದೆ ಚಾಚಿದ ಗದ್ದ, ದಪ್ಪ ಕನ್ನಡಕ. ಸ್ನೇಹಿತರಿಗೆಲ್ಲ ಸ್ಲಾವಾ. ಬೇರೆ ದಿನವಾದರೆ ಬಂದವರೇ ವಾದ್ಯವೃಂದದ ಅರ್ಧ ಜನರ ಕೈ ಕುಲುಕಿ, ಸಿಕ್ಕವರನ್ನು ತಬ್ಬಿ ಮುತ್ತಿಡುವ ಆಸಾಮಿ.

ಈ ಕನ್ಚೆರ್ಟೊದ ಆರಂಭ ಒಂಟಿ ವಾದಕನಿಗೆ ಒಂದು ಶಿಕ್ಷೆ. ಮೊದಲು ಕ್ಲಾರಿನೆಟ್‌ಗಳು ಕೆಳದನಿಯಲ್ಲಿ ಧಾಟಿ ಎತ್ತುತ್ತವೆ. ಅದು ಬೆಳೆದು ಇಡೀ ವಾದ್ಯವೃಂದ ಅಬ್ಬರಿಸಿ, ಇಳಿದು, ಹಾರ್ನ್ ಒಂದು ನೀಳವಾದ ಹಾಡು ಹಾಡಿ ಮುಗಿಸುವ ತನಕ ಮೂರು ನಿಮಿಷಕ್ಕೂ ಮೀರಿ ಅವನು ಕೈಕಟ್ಟಿ ಕೂರಬೇಕು. ಕೆಲಸವಿಲ್ಲದೆ, ಎಲ್ಲರ ಕಣ್ಣಿನ ಎದುರಿಗೆ. ಆ ಸಂಜೆ ಆ ಮೂರು ನಿಮಿಷ ಎಷ್ಟು ಉದ್ದವಿದ್ದಿರಬೇಕು ಯೋಚಿಸಿ. ಅವರ ತಲೆಯಲ್ಲಿ ಏನು ಓಡುತ್ತಿತ್ತೆಂದು ನಾವು ಕಟ್ಟಿ ಹೇಳುವುದು ಬೇಡ. ಪ್ರಾಗ್ ಅವರ ಪಾಲಿಗೆ ಎಂಥ ಊರು ಎಂಬುದಂತೂ ಗೊತ್ತಿರುವ ವಿಷಯ. 1950ರಲ್ಲಿ ಅಲ್ಲಿನ ಚೆಲ್ಲೊ ಸ್ಪರ್ಧೆಯಲ್ಲಿ ದನೀಲ್ ಶಫ್ರಾನ್ ಜತೆ ಮೊದಲ ಬಹುಮಾನ ಹಂಚಿಕೊಂಡಿದ್ದರು. ಆ ಸ್ಪರ್ಧೆಗಿದ್ದದ್ದು ಹನುಷ್ ವಿಹಾನ್ ಹೆಸರು, ದ್ವೊರ್ಜಾಕ್ ಈ ಕನ್ಚೆರ್ಟೊವನ್ನು ಅರ್ಪಿಸಿದ್ದು ಅದೇ ವಿಹಾನ್‌ಗೆ. 1955ರಲ್ಲಿ ಅದೇ ಊರಿನ ವಸಂತೋತ್ಸವಕ್ಕೆ ಹೋದಾಗ ಬೊಲ್ಶೊಯ್ ರಂಗಮಂದಿರದ ಗಾಯಕಿ ಗಲೀನಾ ವಿಶ್ನೆವ್‌ಸ್ಕಾಯಾ ಅವರ ಹಿಂದೆ ಬಿದ್ದು, ನಾಲ್ಕೇ ದಿನದಲ್ಲಿ ಒಲಿಸಿಕೊಂಡು ಮದುವೆಯಾದರು.

ಚೆಲ್ಲೊ ಈಗ ಶುರುವಾಯಿತು. ಕಮಾನು ತಂತಿಯ ಮೇಲೆ ಬಿದ್ದ ರೀತಿಯಲ್ಲೇ ಇದು ಎಂದಿನ ನುಡಿಸಾಣಿಕೆಯಲ್ಲವೆಂದು ಗೊತ್ತಾಗುತ್ತದೆ. ಕ್ಲಾರಿನೆಟ್ ಮೆತ್ತಗೆ ಹೇಳಿದ್ದ ಅದೇ ಧಾಟಿ ಇಲ್ಲಿ ತೆರೆದ ಗಂಟಲಿನಿಂದ ಹೊರಟಿದೆ. ಒಂದೊಂದು ಸ್ವರದ ಕೊನೆಗೂ ಕಮಾನಿನ ಒತ್ತಡ ಸಡಿಲವಾಗುವುದೇ ಇಲ್ಲ. ಗ್ಯಾಲರಿಯ ಕೂಗು ನಿಂತಿದೆ. ಎರಡನೆಯ ಭಾಗದಲ್ಲಿ ದ್ವೊರ್ಜಾಕ್ ತನ್ನ ನಾದಿನಿ ಯೊಸೆಫೀನಾಗೆ ಪ್ರಿಯವಾಗಿದ್ದ ತನ್ನದೇ ಒಂದು ಹಾಡನ್ನು ಸೇರಿಸಿದ್ದಾನೆ. ಅವಳು ತೀರಿಕೊಂಡ ಮೇಲೆ ಕೃತಿಯ ಕೊನೆಯನ್ನೂ ತಿದ್ದಿ ಬರೆದ. ಹಾಗಾಗಿ ಕೊನೆಯ ಭಾಗ ಗೆದ್ದ ಉತ್ಸಾಹದಲ್ಲಿ ಓಡುತ್ತ ಓಡುತ್ತ ಇದ್ದಕ್ಕಿದ್ದಂತೆ ನಿಧಾನವಾಗುತ್ತದೆ, ಹಿಂದಿನದ್ದನ್ನೆಲ್ಲ ಒಮ್ಮೆ ತಿರುಗಿ ನೋಡುತ್ತದೆ, ಚೆಲ್ಲೊ ಒಂದು ನೀಳ ಸ್ವರಕ್ಕೆ ಇಳಿಯುತ್ತದೆ. ಅಲ್ಲಿ ಸ್ಲಾವಾರ ಕೆನ್ನೆ ಒದ್ದೆಯಾಗಿರುವುದು ನಿಮಗೆ ಕಾಣುತ್ತಿದೆ. ಅವರು ಅಳುತ್ತಲೇ ನುಡಿಸುತ್ತಿದ್ದಾರೆ.

ಮುಗಿಯಿತು. ಚಪ್ಪಾಳೆ ಛಾವಣಿಗೆ ಹೊಡೆಯುತ್ತಿದೆ. ರೊಸ್ಟ್ರೊಪೊವಿಚ್ ಕೃತಿಯ ಸ್ವರಲಿಪಿ ಪುಸ್ತಕವನ್ನು ಎರಡೂ ಕೈಯಲ್ಲಿ ಮೇಲೆತ್ತಿ ಸಭೆಗೆ ತೋರಿಸುತ್ತಾರೆ. ಚಪ್ಪಾಳೆ ನನಗಲ್ಲ, ಈ ಚೆಕ್ ಮನುಷ್ಯನಿಗೆ ಹೊಡೆಯಿರಿ ಎಂಬಂತೆ. ಆಮೇಲೆ ವಾದ್ಯವೃಂದ ಶೋಸ್ತಕೋವಿಚ್‌ನ ಹತ್ತನೆಯ ಸಿಂಫನಿಗೆ ಅಣಿಯಾಗುತ್ತದೆ.

ಇದೊಂದನ್ನೇ ಹಿಡಿದು ಅವರನ್ನು ವೀರನೆನ್ನಲು ನನಗೆ ಮನಸ್ಸಿಲ್ಲ. ಆ ಹೊತ್ತಿಗೆ ಅವರು ಸೋವಿಯತ್ ಸರ್ಕಾರದ ಕಣ್ಮಣಿ. 1951ರಲ್ಲಿ ಸ್ಟಾಲಿನ್ ಪ್ರಶಸ್ತಿ, 1964ರಲ್ಲಿ ಲೆನಿನ್ ಪ್ರಶಸ್ತಿ, ಸಾಮಾನ್ಯ ಪ್ರಜೆ ಕನಸಿನಲ್ಲೂ ಕಾಣದ ವಿದೇಶ ಪ್ರವಾಸ, ಮಾಸ್ಕೊ ಹೊರವಲಯದಲ್ಲಿ ತೋಟದ ಮನೆ. ಆ ರಾತ್ರಿ ಅತ್ತವರು ಮಾಸ್ಕೊಗೇ ಮರಳಿದರು. ಅಳುವಿಗೆ ಬೆಲೆ ತೆರಬೇಕಾಗಲಿಲ್ಲ. ಬೆಲೆ ತೆತ್ತದ್ದು ಎರಡು ವರ್ಷದ ನಂತರ. ಅದಕ್ಕೆ ಕಾರಣ ಇಪ್ಪತ್ತು ವರ್ಷದ ಹಿಂದೆಯೇ ಹುಟ್ಟಿತ್ತು. ಅಲ್ಲಿಗೇ ಹೋಗೋಣ.

ಮಾಸ್ಕೊ ಕನ್ಸರ್ವೇಟರಿ, 1948ರ ಫೆಬ್ರವರಿ. ಬಾಕು ನಗರದಲ್ಲಿ 1927ರ ಮಾರ್ಚ್ 27ರಂದು ಹುಟ್ಟಿದ ಹುಡುಗ ಇಲ್ಲಿಗೆ ಬಂದದ್ದು ಯುದ್ಧದ ನಡುವೆ, 1943ರಲ್ಲಿ. ತಂದೆ ಲಿಯೊಪೋಲ್ಡ್ ಒಳ್ಳೆಯ ಚೆಲ್ಲೊ ವಾದಕ, ಮಗನಿಗೆ ಮೊದಲ ಗುರು. ಯುದ್ಧಕಾಲದಲ್ಲಿ ಕುಟುಂಬ ಒರೆನ್‌ಬುರ್ಗ್‌ಗೆ ವಲಸೆ ಹೋಗಿದ್ದಾಗ, 1942ರಲ್ಲಿ, ತಂದೆ ತೀರಿಕೊಂಡರು. ಹದಿನೈದರ ಹುಡುಗ ಸಂಸಾರಕ್ಕಾಗಿ ದುಡಿಯಲು ನಿಂತ. ಕನ್ಸರ್ವೇಟರಿಯಲ್ಲಿ ಚೆಲ್ಲೊ ಕಲಿಸಿದ್ದು ಸಂಬಂಧದಲ್ಲಿ ಮಾವನಾಗಬೇಕಿದ್ದ ಸೆಮ್ಯೋನ್ ಕೊಝೊಲುಪೊವ್. ಆದರೆ ಹುಡುಗನ ಮನಸ್ಸು ನೆಟ್ಟಿದ್ದು ಇನ್ನೊಂದು ಕೋಣೆಯಲ್ಲಿ. ಅಲ್ಲಿ ವಾದ್ಯವೃಂದಕ್ಕೆ ಬರೆಯುವುದು ಹೇಗೆಂದು ಪಾಠ ಹೇಳುತ್ತಿದ್ದವರು ದ್ಮಿತ್ರಿ ಶೋಸ್ತಕೋವಿಚ್.

ಫೆಬ್ರವರಿ 10ರಂದು ಕಮ್ಯುನಿಸ್ಟ್ ಪಕ್ಷದ ಕೇಂದ್ರ ಸಮಿತಿಯ ನಿರ್ಣಯ ಹೊರಬಿತ್ತು. ಶೋಸ್ತಕೋವಿಚ್, ಪ್ರೊಕೊಫಿಯೆವ್, ಖಚತೂರ್ಯಾನ್, ಶೆಬಲಿನ್ ಮುಂತಾದವರ ಸಂಗೀತ ಜನವಿರೋಧಿ, ಬರೀ ರೂಪದ ಆಟ ಎಂಬುದು ಆಪಾದನೆ. ಪತ್ರಿಕೆ ತೆಗೆದರೆ ಅದೇ. ಸಭೆ ಸೇರಿದರೆ ಅದೇ. ನಿನ್ನೆಯವರೆಗೆ ಕಾಲಿಗೆ ಬೀಳುತ್ತಿದ್ದವರು ಇವತ್ತು ಎದ್ದು ನಿಂತು ಬೈಯುತ್ತಾರೆ. ಶೋಸ್ತಕೋವಿಚ್‌ಗೆ ಕನ್ಸರ್ವೇಟರಿಯಲ್ಲಿ ಕೆಲಸವಿಲ್ಲವಾಯಿತು. ಇಪ್ಪತ್ತೊಂದು ತುಂಬಲಿರುವ ಶಿಷ್ಯ ಎಲ್ಲವನ್ನೂ ನೋಡುತ್ತಾ ನಿಂತ. ಬಾಯಿ ಬಿಟ್ಟಿದ್ದರೆ ಅವನ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಅವನ ಪಾಡಿಗೆ ಅವನು ಆ ದಿನಗಳ ಪತ್ರಿಕೆಗಳನ್ನು ಎತ್ತಿಟ್ಟುಕೊಂಡ. ಇದನ್ನು ನೆನಪಿಡಿ, ಮುಂದೆ ಬರುತ್ತದೆ.

ಬಾಯಿ ಮುಚ್ಚಿದರೂ ಕಾಲು ಸುಮ್ಮನಿರಲಿಲ್ಲ. ಬೇರೆಯವರು ಹಾದಿ ಬದಲಿಸಿದಾಗ ಇವನು ಪ್ರೊಕೊಫಿಯೆವ್ ಮನೆಗೆ ಹೋಗಿ ಬರತೊಡಗಿದ. ನಿಕೊಲಿನಾ ಗೊರಾ ಎಂಬ ಹಳ್ಳಿಯಲ್ಲಿದ್ದ ಆ ಮನೆಯಲ್ಲಿ ಬೇಸಿಗೆ ಕಳೆದು, ಚೆಲ್ಲೊ ಏನು ಮಾಡಬಲ್ಲದು, ಏನು ಮಾಡಲಾರದು ಎಂದು ನುಡಿಸಿ ತೋರಿಸುತ್ತಿದ್ದ. ಒಮ್ಮೆ ಆ ಮಹಾನುಭಾವನ ಮನೆಯಲ್ಲಿ ಬೆಳಗಿನ ತಿಂಡಿಗೂ ಕಾಸಿರಲಿಲ್ಲವೆಂದು ರೊಸ್ಟ್ರೊಪೊವಿಚ್ ಮುಂದೆ ಹೇಳಿಕೊಂಡಿದ್ದಾರೆ. ಅಂಥ ದಿನಗಳಲ್ಲಿ ಇಬ್ಬರೂ ಕೂಡಿ ತಿದ್ದಿದ ಸಿಂಫನಿ ಕನ್ಚೆರ್ಟೊ 1952ರ ಫೆಬ್ರವರಿ 18ರಂದು ಮಾಸ್ಕೊದಲ್ಲಿ ಮೊದಲ ಬಾರಿಗೆ ಕೇಳಿಸಿತು. ವಾದ್ಯವೃಂದ ನಡೆಸಿದವರು ಪಿಯಾನೊ ದಿಗ್ಗಜ ಸ್ವ್ಯಾತೊಸ್ಲಾವ್ ರಿಖ್ತರ್. ಬೆರಳಿಗೆ ಪೆಟ್ಟಾಗಿ ಪಿಯಾನೊ ನುಡಿಸಲಾರದೆ ಇದ್ದಾಗ ಕೈಗೆತ್ತಿಕೊಂಡ ಆ ಕೆಲಸವನ್ನು ಅವರು ಜೀವನದಲ್ಲಿ ಮತ್ತೆ ಮಾಡಲಿಲ್ಲ. ಮರುವರ್ಷ ಮಾರ್ಚ್ 5ರಂದು ಪ್ರೊಕೊಫಿಯೆವ್ ತೀರಿಕೊಂಡರು. ಸ್ಟಾಲಿನ್ ಸತ್ತದ್ದೂ ಅದೇ ದಿನ.

ಈಗ ಕೊಮರೊವೊಗೆ ಬನ್ನಿ. ಲೆನಿನ್‌ಗ್ರಾಡ್ ಬಳಿಯ ತೋಟದ ಮನೆಗಳ ಊರು. 1959ರ ಆಗಸ್ಟ್ 6.

ಈ ದಿನದ ಹಿಂದೆ ವರ್ಷಗಟ್ಟಲೆ ಬಾಯಿ ಬಿಗಿಹಿಡಿದ ಕಥೆಯಿದೆ. ಶೋಸ್ತಕೋವಿಚ್ ತನಗಾಗಿ ಒಂದು ಕೃತಿ ಬರೆಯಬೇಕೆಂದು ಸ್ಲಾವಾಗೆ ಜೀವದಾಸೆ. ಗುರುಪತ್ನಿ ನೀನಾ ವಸೀಲ್ಯೆವ್ನಾ ಒಂದೇ ಉಪಾಯ ಹೇಳಿಕೊಟ್ಟಿದ್ದರು: ಬರೆಸಬೇಕೆಂದಿದ್ದರೆ ಅವರ ಎದುರು ಆ ಮಾತನ್ನೇ ಎತ್ತಬೇಡ. ಆಕೆ 1954ರಲ್ಲಿ ತೀರಿಕೊಂಡರು, ಶಿಷ್ಯ ಮಾತು ಉಳಿಸಿಕೊಂಡ. ಕೊನೆಗೆ ಆಗಸ್ಟ್ 2ರಂದು ಚೆಲ್ಲೊ ಕನ್ಚೆರ್ಟೊದ ಹಸ್ತಪ್ರತಿ ಕೈಗೆ ಬಂತು. ನಾಲ್ಕು ದಿನ ಕೋಣೆ ಸೇರಿ ಕೂತ ಮೇಲೆ ಪಿಯಾನೊ ವಾದಕ ಅಲೆಕ್ಸಾಂದರ್ ದೆದ್ಯುಖಿನ್ ಅವರನ್ನು ಕರೆದುಕೊಂಡು ಇವತ್ತು ಗುರುವಿನ ಮನೆಗೆ ಬಂದಿದ್ದಾರೆ.

ಶೋಸ್ತಕೋವಿಚ್ ಎಂದಿನಂತೆ ಚಡಪಡಿಸುತ್ತಿದ್ದಾರೆ. ತಡೆ, ಸ್ವರಲಿಪಿ ಇಡಲು ಸ್ಟ್ಯಾಂಡ್ ತರುತ್ತೇನೆ ಎಂದು ಏಳುತ್ತಾರೆ. ಬೇಡ ಎನ್ನುತ್ತಾರೆ ಸ್ಲಾವಾ. ಬೇಡವೆಂದರೇನು ಎಂದು ಗುರುವಿಗೆ ಅರ್ಥವಾಗುವುದಿಲ್ಲ. ಹಾಳೆ ಬೇಡವಂತೆ. ಕೃತಿ ಪೂರ್ತಿ ಬಾಯಿಪಾಠವಾಗಿದೆಯಂತೆ.

ಇದು ಎಷ್ಟು ದೊಡ್ಡ ಮಾತೆಂದು ತಿಳಿಯಲು ಕೃತಿಯನ್ನೊಮ್ಮೆ ನೋಡಬೇಕು. ಸುಮಾರು ಅರ್ಧ ಗಂಟೆಯ, ನಾಲ್ಕು ಭಾಗಗಳ ರಚನೆ. ಚೆಲ್ಲೊಗೆ ಬಿಡುವೇ ಇಲ್ಲ. ಮೊದಲ ನಾಲ್ಕು ಸ್ವರಗಳನ್ನು ಅದೇ ಎತ್ತಬೇಕು. ಆ ನಾಲ್ಕು ಸ್ವರಗಳು ತಿರುಗಿ, ಮುರುಚಿ, ಬೇರೆ ಬೇರೆ ವೇಷದಲ್ಲಿ ಮತ್ತೆ ಮತ್ತೆ ಬಂದು ಕುಟುಕುತ್ತವೆ. ತುತ್ತೂರಿಗಳ ಪಂಗಡದಿಂದ ಶೋಸ್ತಕೋವಿಚ್ ಇಟ್ಟುಕೊಂಡಿರುವುದು ಒಂದೇ ಒಂದು ಹಾರ್ನ್. ಅದು ಚೆಲ್ಲೊ ಜತೆ ಸಮಕ್ಕೆ ಸಮ ವಾದಕ್ಕಿಳಿಯುತ್ತದೆ. ಮೂರನೆಯ ಭಾಗಕ್ಕೆ ಬಂದಾಗ ವಾದ್ಯವೃಂದ ಪೂರ್ತಿ ಮೌನ, ಚೆಲ್ಲೊ ಒಂಟಿ. ನಡುನಡುವೆ ತಂತಿ ಮೀಟಿದ ಬಿಡಿ ಸ್ವರಗಳು, ಮತ್ತೆ ಮೌನ, ಮತ್ತೆ ನಿಧಾನಕ್ಕೆ ಏರುವ ವೇಗ. ಕೊನೆಯ ಭಾಗದಲ್ಲಿ ಸ್ಟಾಲಿನ್‌ಗೆ ಅಚ್ಚುಮೆಚ್ಚಾಗಿದ್ದ ‘ಸುಲಿಕೊ’ ಎಂಬ ಜಾರ್ಜಿಯಾದ ಹಾಡಿನ ತುಣುಕನ್ನು ಗುರುತು ಸಿಗದಷ್ಟು ತಿರುಚಿ ಅಡಗಿಸಿಟ್ಟಿದ್ದಾರೆ. ಎಷ್ಟು ಅಡಗಿಸಿದ್ದರೆಂದರೆ, ಇಡೀ ಕೃತಿ ಬಾಯಿಪಾಠ ಮಾಡಿದ ಸ್ಲಾವಾಗೂ ಗುರು ತೋರಿಸಿಕೊಡುವ ತನಕ ಹೊಳೆಯಲಿಲ್ಲ.

ನುಡಿಸಿದರು. ಗುರುವಿಗೆ ಹಿಗ್ಗು. ವೋಡ್ಕಾ ಬಂತು. ಮತ್ತೊಮ್ಮೆ ನುಡಿಸಿದರು. ಮತ್ತೆ ವೋಡ್ಕಾ. ಮೂರನೆಯ ಸಲ ತಾನು ಸ್ಯಾಂ-ಸಾನ್ ಕನ್ಚೆರ್ಟೊ ನುಡಿಸುತ್ತಿದ್ದೆ, ಪಿಯಾನೊದಲ್ಲಿ ಮಾತ್ರ ಶೋಸ್ತಕೋವಿಚ್ ನಡೆದಿತ್ತು ಎಂದು ಸ್ಲಾವಾ ಆಮೇಲೆ ನಗುತ್ತಾ ಹೇಳುತ್ತಿದ್ದರು. ಕಥೆ ಹೇಳುವುದರಲ್ಲಿ ಅವರು ನಿಸ್ಸೀಮರು. ಸ್ವಲ್ಪ ಉಪ್ಪುಖಾರ ಬಿದ್ದಿರಬಹುದು. ಅಕ್ಟೋಬರ್ 4ರಂದು ಲೆನಿನ್‌ಗ್ರಾಡ್‌ನಲ್ಲಿ ಮ್ರವಿನ್‌ಸ್ಕಿ ನಿರ್ದೇಶನದಲ್ಲಿ ನಡೆದ ಮೊದಲ ಪ್ರದರ್ಶನ ಮಾತ್ರ ಅಚ್ಚುಕಟ್ಟಾಗಿತ್ತು. ಮರುವರ್ಷ ಲಂಡನ್ನಿನಲ್ಲಿ ಇದೇ ಕೃತಿ ಕೇಳಿ ಇಂಗ್ಲಿಷ್ ಸಂಯೋಜಕ ಬೆಂಜಮಿನ್ ಬ್ರಿಟನ್ ಮರುಳಾದರು. ಬಳಿಕ ಅವರು ಸ್ಲಾವಾಗೆಂದೇ ಒಂದು ಸೊನಾಟಾ, ಒಂದು ಚೆಲ್ಲೊ ಸಿಂಫನಿ, ಮೂರು ಸೂಟ್‌ಗಳನ್ನು ಬರೆದರು. ಸಂಯೋಜಕರಾದ ದ್ಯುತಿಯೋ, ಲುತೊಸ್ಲಾವ್‌ಸ್ಕಿ ಕೂಡ ಬರೆದರು. ಇಪ್ಪತ್ತನೆಯ ಶತಮಾನದಲ್ಲಿ ಚೆಲ್ಲೊಗೆ ಸಿಕ್ಕ ಒಳ್ಳೆಯ ಕೃತಿಗಳ ಪಟ್ಟಿ ಮಾಡಿದರೆ ಅರ್ಧಕ್ಕರ್ಧ ಈ ಒಬ್ಬ ಮನುಷ್ಯನ ಕಾರಣಕ್ಕೆ ಹುಟ್ಟಿದವು.

ಹಾಳೆಯಿಲ್ಲದೆ ನುಡಿಸುವ ಈ ಜೋರು ಎಲ್ಲಿಯದು ಎಂದರೆ, ಮಾಸ್ಕೊ ಕನ್ಸರ್ವೇಟರಿಯ 19ನೇ ನಂಬರಿನ ಕೋಣೆಗೆ ಹೋಗಬೇಕು. ಈಗ ಅಲ್ಲಿ ಅವರೇ ಗುರು. ಗೋಡೆಗೊತ್ತಿ ನಿಲ್ಲಿ, ಕೂರಲು ಜಾಗ ಸಿಗುವುದು ಕಷ್ಟ. ಪಾಠ ಒಬ್ಬರಿಗಾದರೂ ಕೇಳುವವರು ಕೋಣೆ ತುಂಬ. ಚೆಲ್ಲೊ ಪಾಠ, ಆದರೆ ಗುರುವಿನ ಕೈಯಲ್ಲಿ ಚೆಲ್ಲೊ ಇಲ್ಲ. ಅವರು ಪಿಯಾನೊ ಮುಂದೆ ಕೂತಿದ್ದಾರೆ. ಶಿಷ್ಯೆ ನುಡಿಸುತ್ತಿರುವ ಕನ್ಚೆರ್ಟೊದ ವಾದ್ಯವೃಂದದ ಭಾಗವನ್ನೆಲ್ಲ ಹಾಳೆ ನೋಡದೆ ಪಿಯಾನೊದಲ್ಲಿ ಬಾರಿಸುತ್ತಿದ್ದಾರೆ. ಅವಳು ಎಲ್ಲಿ ತಪ್ಪಿದಳೋ ಅಲ್ಲಿಂದಲೇ ಎತ್ತಿಕೊಂಡು, ಈ ಜಾಗದಲ್ಲಿ ಓಬೋ ಏನು ಹೇಳುತ್ತಿದೆ ಕೇಳಿದೆಯಾ, ಅದಕ್ಕೆ ಉತ್ತರ ಕೊಡಬೇಕಾದವಳು ನೀನು ಎನ್ನುವ ಧಾಟಿಯ ಪಾಠ. ಬೆರಳು ಎಲ್ಲಿಡಬೇಕು ಎಂಬ ಮಾತು ಅಪರೂಪ. ತಾನೇ ಚೆಲ್ಲೊ ನುಡಿಸಿ ತೋರಿಸಿದರೆ ಎಲ್ಲರೂ ತನ್ನ ನಕಲಾಗುತ್ತಾರೆಂಬ ಭಯ ಅವರಿಗೆ. ನತಾಲ್ಯಾ ಗುತ್ಮನ್, ದವಿದ್ ಗೆರಿಂಗಾಸ್, ಮಿಶಾ ಮೈಸ್ಕಿ ಇಲ್ಲಿ ಪಳಗಿದವರು. 1966ರಲ್ಲಿ ಇಂಗ್ಲೆಂಡಿನಿಂದ ಜಾಕ್ವೆಲಿನ್ ದು ಪ್ರೆ ಕೆಲವು ತಿಂಗಳು ಬಂದು ಕಲಿತರು. ಒಬ್ಬರ ನುಡಿಸಾಣಿಕೆ ಇನ್ನೊಬ್ಬರಂತಿಲ್ಲ. ಗುರು ಗೆದ್ದದ್ದು ಅಲ್ಲಿ.

ರಷ್ಯನ್ ತಾಲೀಮು ಎಂದರೆ ಬರೀ ಬೆರಳಿನ ಕಸರತ್ತೆಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಈ ಕೋಣೆ ನೋಡಿದರೆ ಹಾಗನ್ನಿಸುವುದಿಲ್ಲ. ಇಲ್ಲಿ ಕಲಿಸಿದ್ದು ಇಡೀ ಕೃತಿಯನ್ನು ಮೈಯಲ್ಲಿ ಇಟ್ಟುಕೊಳ್ಳುವುದನ್ನು. ತನ್ನ ಪಾಲು ಮಾತ್ರವಲ್ಲ, ಪಕ್ಕದವನ ಪಾಲನ್ನೂ. ಮರೆಯದಿರುವುದು ಇವರಿಗೆ ಕಸುಬಾಗಿತ್ತು, ಸ್ವಭಾವವೂ ಆಯಿತು.

1969ರ ಶರತ್ಕಾಲದಲ್ಲಿ ಸ್ಲಾವಾರ ಜುಕೊವ್ಕಾದ ತೋಟದ ಮನೆಗೆ ಒಬ್ಬ ಅತಿಥಿ ಬಂದ. ಸರ್ಕಾರದ ಕಣ್ಣಿಗೆ ಬಿದ್ದ, ಇರಲು ನೆಮ್ಮದಿಯ ಜಾಗವಿಲ್ಲದ ಲೇಖಕ ಅಲೆಕ್ಸಾಂದರ್ ಸೊಲ್ಜೆನಿತ್ಸಿನ್. ಇರು ಎಂದರು, ಆತ ಇದ್ದ. ಮರುವರ್ಷ ಆತನಿಗೆ ನೊಬೆಲ್ ಬಂದಾಗ ಪತ್ರಿಕೆಗಳು ಮುಗಿಬಿದ್ದವು. ಆ ಭಾಷೆ ರೊಸ್ಟ್ರೊಪೊವಿಚ್‌ಗೆ ಹೊಸದಲ್ಲ. 1970ರ ಅಕ್ಟೋಬರ್ ಕೊನೆಯಲ್ಲಿ ‘ಪ್ರಾವ್ದಾ’ ಸೇರಿ ನಾಲ್ಕು ಪತ್ರಿಕೆಗಳಿಗೆ ಬಹಿರಂಗ ಪತ್ರ ಬರೆದರು. ಅದರಲ್ಲಿ ಬರುತ್ತದೆ ನೋಡಿ, ಆ ಎತ್ತಿಟ್ಟ ಕಟ್ಟು: 1948ರ ಪತ್ರಿಕೆಗಳು ಇನ್ನೂ ನನ್ನ ಬಳಿ ಇವೆ, ಇಂದು ನೀವೇ ಹೊಗಳುವ ಪ್ರೊಕೊಫಿಯೆವ್, ಶೋಸ್ತಕೋವಿಚ್ ಬಗ್ಗೆ ಆಗ ಏನೇನು ಬರೆದಿದ್ದಿರಿ, ಅದನ್ನು ಓದಿ ಈಗ ನಾಚಿಕೆಯಾಗುವುದಿಲ್ಲವೇ ಎಂಬ ಅರ್ಥದ ಮಾತು. ಒಂದು ಪತ್ರಿಕೆಯೂ ಅಚ್ಚುಹಾಕಲಿಲ್ಲ. ಹೊರದೇಶದ ಪತ್ರಿಕೆಗಳು ಹಾಕಿದವು.

ಶಿಕ್ಷೆ ಜೈಲಿನದಲ್ಲ. ಒಂದೊಂದಾಗಿ ಬಾಗಿಲು ಮುಚ್ಚುವುದು. ವಿದೇಶ ಪ್ರವಾಸ ರದ್ದು. ಬೊಲ್ಶೊಯ್‌ನಲ್ಲಿ ಒಪೆರಾ ನಡೆಸುವ ಅವಕಾಶ ಹೋಯಿತು. ಮಾಸ್ಕೊ, ಲೆನಿನ್‌ಗ್ರಾಡ್‌ನ ದೊಡ್ಡ ವೇದಿಕೆಗಳು ಕೈತಪ್ಪಿ, ದೂರದ ಸಣ್ಣ ಊರುಗಳು ಉಳಿದವು. ಗಲೀನಾ ಹಾಡಿದರೂ ಪತ್ರಿಕೆಯಲ್ಲಿ ಹೆಸರಿಲ್ಲ. ಕೊನೆಗೆ ದಂಪತಿ ದೇಶ ಬಿಡಲು ಅನುಮತಿ ಕೇಳಿ ಸೋವಿಯತ್ ನಾಯಕ ಬ್ರೆಜ್ನೆವ್‌ಗೆ ಬರೆದರು. ಅಮೆರಿಕದ ಸೆನೆಟರ್ ಎಡ್ವರ್ಡ್ ಕೆನಡಿ ಕೂಡ ಅವರ ಪರ ಮಾತಾಡಿದರು. 1974ರ ಮೇ 26ರಂದು ಸ್ಲಾವಾ ವಿಮಾನ ಹತ್ತಿದರು. ಜತೆಗೆ ಚೆಲ್ಲೊ, ಮತ್ತು ಕುಜ್ಯಾ ಎಂಬ ಭಾರಿ ಗಾತ್ರದ ನ್ಯೂಫೌಂಡ್‌ಲ್ಯಾಂಡ್ ನಾಯಿ. ಹೆಂಡತಿ, ಇಬ್ಬರು ಹೆಣ್ಣುಮಕ್ಕಳು ಆಮೇಲೆ ಬಂದರು. ಶೋಸ್ತಕೋವಿಚ್ ಮರುವರ್ಷ ತೀರಿಕೊಂಡರು. ಶಿಷ್ಯನಿಗೆ ಮಣ್ಣಿಗೆ ಬರಲಾಗಲಿಲ್ಲ. 1978ರಲ್ಲಿ ಪೌರತ್ವವನ್ನೂ ಕಿತ್ತುಕೊಂಡರು.

ಪಶ್ಚಿಮದ ವರ್ಷಗಳನ್ನು ನಾನು ಬೇಗ ದಾಟುತ್ತೇನೆ. 1711ರ ‘ದ್ಯುಪೋರ್’ ಸ್ಟ್ರಾಡಿವೇರಿಯಸ್ ಚೆಲ್ಲೊ ಅವರದಾಯಿತು. ಅದರ ಮೈಮೇಲಿನ ತಗ್ಗು ನೆಪೋಲಿಯನ್ನನ ಬೂಟಿನ ಮುಳ್ಳು ತಾಗಿ ಆದದ್ದೆಂದು ಪ್ರತೀತಿ, ನಂಬುವುದು ಬಿಡುವುದು ನಿಮಗೆ ಬಿಟ್ಟದ್ದು. 1977ರಿಂದ 1994ರವರೆಗೆ ವಾಷಿಂಗ್ಟನ್ನಿನ ನ್ಯಾಷನಲ್ ಸಿಂಫನಿಯನ್ನು ನಡೆಸಿದರು. ನಿರ್ದೇಶಕನಾಗಿ ಅವರಲ್ಲಿ ಬೆಂಕಿಯಿತ್ತು, ಶಿಸ್ತು ಅಷ್ಟಾಗಿ ಇರಲಿಲ್ಲವೆಂಬುದು ನನ್ನ ಅನಿಸಿಕೆ. ಬಾಹ್‌ನ ಆರೂ ಸೂಟ್‌ಗಳನ್ನು ಅರವತ್ತು ದಾಟುವ ತನಕ ಕಾದು, 1991ರಲ್ಲಿ ಫ್ರಾನ್ಸಿನ ವೆಜಲೇ ಇಗರ್ಜಿಯಲ್ಲಿ ಧ್ವನಿಮುದ್ರಿಸಿದರು.

ಒಂದು ಕಡೆ ಮಾತ್ರ ನಿಲ್ಲಲೇಬೇಕು. 1989ರ ನವೆಂಬರ್ 11, ಬರ್ಲಿನ್, ಚೆಕ್‌ಪಾಯಿಂಟ್ ಚಾರ್ಲಿ. ಊರನ್ನು ಎರಡಾಗಿಸಿದ್ದ ಗೋಡೆ ಬಿದ್ದದ್ದನ್ನು ಪ್ಯಾರಿಸ್ಸಿನ ಮನೆಯಲ್ಲಿ ಟಿ.ವಿ.ಯಲ್ಲಿ ನೋಡಿದವರು ಸ್ನೇಹಿತರೊಬ್ಬರ ವಿಮಾನದಲ್ಲಿ ಬಂದಿಳಿದಿದ್ದಾರೆ. ಚೆಲ್ಲೊ ಇದೆ, ಕುರ್ಚಿ ಇಲ್ಲ. ಯಾರ ಹತ್ತಿರವೋ ಕೇಳಿ ಒಂದು ಕುರ್ಚಿ ತರಿಸಿ, ಗೀಚುಬರಹ ತುಂಬಿದ ಗೋಡೆಗೆ ಬೆನ್ನು ಹಾಕಿ ಕೂತರು. ಸುತ್ತ ಕೋಟು ತೊಟ್ಟ ಜನ, ಕ್ಯಾಮೆರಾಗಳು, ಯಾವ ನುಡಿಸಾಣಿಕೆಗೂ ಒಗ್ಗದ ಚಳಿ. ಬಾಹ್‌ನ ಲವಲವಿಕೆಯ ಭಾಗಗಳನ್ನು ನುಡಿಸಿದ ಮೇಲೆ, ಈ ಗೋಡೆ ದಾಟಲು ಹೋಗಿ ಸತ್ತವರಿಗೆಂದು ಎರಡನೆಯ ಸೂಟ್‌ನ ಸಾರಾಬಾಂದ್ ಎಂಬ ನಿಧಾನ ಭಾಗ ನುಡಿಸಿದರು. ಟಿಕೆಟ್ಟಿಲ್ಲ, ವೇದಿಕೆಯಿಲ್ಲ.

1990ರಲ್ಲಿ ಪೌರತ್ವ ಮರಳಿತು. ಅಮೆರಿಕದ ತಮ್ಮ ವಾದ್ಯವೃಂದದೊಂದಿಗೆ ಮಾಸ್ಕೊದಲ್ಲಿ ನುಡಿಸಿ ಬಂದರು. 1991ರ ಆಗಸ್ಟಿನಲ್ಲಿ ಕ್ಷಿಪ್ರಕ್ರಾಂತಿಯ ಸುದ್ದಿ ಕೇಳಿ ವೀಸಾ ಕೂಡ ಇಲ್ಲದೆ ಹಾರಿಬಂದು ರಷ್ಯಾದ ಅಧ್ಯಕ್ಷ ಯೆಲ್ತ್ಸಿನ್ ಜತೆ ಮಾಸ್ಕೊದ ಶ್ವೇತಭವನದಲ್ಲಿ ಕೂತರು. ಭುಜದ ಮೇಲೆ ತಲೆಯಿಟ್ಟು ಮಲಗಿದ ಕಾವಲುಗಾರ, ಇವರ ಕೈಯಲ್ಲಿ ಅವನ ಕಲಾಶ್ನಿಕೊವ್. ಆ ಚಿತ್ರ ಜಗತ್ತೆಲ್ಲ ಸುತ್ತಿತು. ಇದರಲ್ಲಿ ನಾಟಕವೂ ಇತ್ತೆಂದು ಹೇಳುವವರಿದ್ದಾರೆ. ಇತ್ತು, ಇರಲಿ. ವೇದಿಕೆಯ ಮನುಷ್ಯ. 2007ರ ಏಪ್ರಿಲ್ 27ರಂದು ಮಾಸ್ಕೊದಲ್ಲಿ ತೀರಿಕೊಂಡರು. ಮಣ್ಣಾದದ್ದು ನೊವೊದೆವಿಚಿ ಸ್ಮಶಾನದಲ್ಲಿ. ಪ್ರೊಕೊಫಿಯೆವ್, ಶೋಸ್ತಕೋವಿಚ್ ಇಬ್ಬರೂ ಇರುವುದು ಅಲ್ಲಿಯೇ.

ಚೆಲ್ಲೊ ಕೇಳಿ ರೂಢಿಯಿಲ್ಲದವರು ಬಾಹ್‌ನಿಂದ ಶುರು ಮಾಡಿ ಎಂದು ಎಲ್ಲರೂ ಹೇಳುತ್ತಾರೆ. ನಾನು ಹೇಳುವುದಿಲ್ಲ. ಕೊಮರೊವೊದಲ್ಲಿ ನುಡಿಸಿದ ಕನ್ಚೆರ್ಟೊವನ್ನು ಸ್ಲಾವಾ ಅದೇ 1959ರ ನವೆಂಬರಿನಲ್ಲಿ ಫಿಲಡೆಲ್ಫಿಯಾದಲ್ಲಿ, ಯೂಜೀನ್ ಓರ್ಮಂಡಿ ನಡೆಸಿದ ವಾದ್ಯವೃಂದದೊಂದಿಗೆ, ಶೋಸ್ತಕೋವಿಚ್ ಎದುರಿಗಿರುವಾಗಲೇ ಧ್ವನಿಮುದ್ರಿಸಿದ್ದಾರೆ. ಅದನ್ನು ಹುಡುಕಿ ಹಾಕಿಕೊಳ್ಳಿ. ಮೊದಲ ನಾಲ್ಕು ಸ್ವರ ಕಿವಿಗೆ ಬಿದ್ದ ಮೇಲೆ ಫೋನು ಪಕ್ಕಕ್ಕಿಡಿ, ಮೂರನೆಯ ಭಾಗ ಬರುವ ತನಕ ಏಳಬೇಡಿ.